ನಮ್ಮೂರಿನ ಒಂದು ವರ್ಷದ ಲೆಕ್ಕ

ನಾವು ವರ್ಷವಿಡೀ ಓದಿ ಪರೀಕ್ಷೆ ಬರೆಯುತ್ತೇವೆ. ಗುರುಗಳು ಅಂಕಪಟ್ಟಿ ಕೊಡುತ್ತಾರೆ. ಮನೆಯಲ್ಲಿ ಅಪ್ಪ ಅದನ್ನು ನೋಡಿ ಸಹಿ ಹಾಕುತ್ತಾರೆ. ಅದೇ ರೀತಿ ನಮ್ಮ ಗ್ರಾಮ ಪಂಚಾಯಿತಿಗೂ ವರ್ಷಕ್ಕೊಂದು ಪರೀಕ್ಷೆ ಇದೆ. ಅದರ ಹೆಸರು ಜಮಾಬಂದಿ. ಅದರ ಅಂಕಪಟ್ಟಿ ನೋಡಬೇಕಾದವರು ಊರಿನ ಜನ.

ಜಮಾಬಂದಿ ಎಂಬುದು ಹಳೇ ಕಾಲದ ಪದ. ಹಿಂದೆ ಭೂಕಂದಾಯದ ಲೆಕ್ಕಕ್ಕೆ ಹಾಗೆ ಹೇಳುತ್ತಿದ್ದರು. ಈಗ ಪಂಚಾಯಿತಿಗೆ ಕಳೆದ ಏಪ್ರಿಲ್‌ನಿಂದ ಮಾರ್ಚ್‌ವರೆಗೆ ಎಷ್ಟು ಹಣ ಬಂತು, ಯಾವ ಕಾಮಗಾರಿಗೆ ಎಷ್ಟು ಖರ್ಚಾಯಿತು ಅಂತ ಜನರ ಮುಂದೆ ಓದಿ ಹೇಳುವುದಕ್ಕೆ ಜಮಾಬಂದಿ ಎನ್ನುತ್ತಾರೆ. ಬರೀ ಓದಿದರೆ ಸಾಲದು, ಮಾಡಿದ ಕೆಲಸವನ್ನು ಹೋಗಿ ಕಣ್ಣಾರೆ ನೋಡಬೇಕು. ಅದಕ್ಕಾಗಿ ಹೊರಗಿನಿಂದ ಒಬ್ಬರು ಅಧಿಕಾರಿ ಬರುತ್ತಾರೆ.

1992ರಲ್ಲಿ ಸಂವಿಧಾನಕ್ಕೆ 73ನೇ ತಿದ್ದುಪಡಿ ಆಯಿತು. 1993ರಲ್ಲಿ ಕರ್ನಾಟಕದಲ್ಲಿ ಪಂಚಾಯತ್ ರಾಜ್ ಕಾಯಿದೆ ಬಂತು. ಸುಮಾರು 400 ಜನಕ್ಕೆ ಒಬ್ಬರಂತೆ ಸದಸ್ಯರು ಇರುತ್ತಾರೆ. ಊರು ಬೆಳೆದು 10,000 ಜನ ದಾಟಿದರೆ ಪಟ್ಟಣ ಪಂಚಾಯಿತಿ, 20,000 ದಾಟಿದರೆ ಪುರಸಭೆ, 50,000 ದಾಟಿದರೆ ನಗರಸಭೆ ಆಗಬಹುದು. ಹೆಸರು ಬೇರೆಯಾದರೂ ಮುಖ್ಯ ಕೆಲಸ ಒಂದೇ: ನೀರು, ಚರಂಡಿ, ಬೀದಿದೀಪ, ಕಸ. ಮನೆ ಕಂದಾಯ, ನೀರಿನ ಶುಲ್ಕದ ಜೊತೆಗೆ ಸರ್ಕಾರದ ಅನುದಾನವೂ ಬರುತ್ತದೆ. 2021-22ರಿಂದ 2025-26ರವರೆಗೆ 15ನೇ ಹಣಕಾಸು ಆಯೋಗದ ಅನುದಾನದಲ್ಲಿ 100ಕ್ಕೆ 60 ರೂಪಾಯಿಯನ್ನು ನೀರಿಗೆ ಮತ್ತು ನೈರ್ಮಲ್ಯಕ್ಕೇ ಇಡಬೇಕು ಅಂತ ಹೇಳಿದ್ದರು.

2025ರ ಆಗಸ್ಟ್‌ನಲ್ಲಿ ನಮ್ಮೂರಲ್ಲಿ ಜಮಾಬಂದಿ ನಡೆಯಿತು. ನಮ್ಮ ಮೇಷ್ಟ್ರು 6 ಮತ್ತು 7ನೇ ತರಗತಿಯವರನ್ನು ಕರೆದುಕೊಂಡು ಹೋದರು. ಪಂಚಾಯಿತಿ ಮುಂದೆ ಶಾಮಿಯಾನ ಹಾಕಿದ್ದರು. ಕಾರ್ಯದರ್ಶಿಗಳು 2024-25ರ ಕಾಮಗಾರಿಗಳನ್ನು ಒಂದೊಂದಾಗಿ ಓದಿದರು. ಕೆರೆ ಏರಿ ದಾರಿಗೆ ಬೀದಿದೀಪ, ಕೆಳಗಿನ ಬೀದಿಗೆ ಚರಂಡಿ, ನಮ್ಮ ಶಾಲೆಗೆ ಕಾಂಪೌಂಡು, ಮೇಲಿನ ಬೀದಿಗೆ ಮನೆ ಮನೆ ನಲ್ಲಿ. ಒಳ್ಳೆಯದನ್ನು ಒಳ್ಳೆಯದು ಅನ್ನಬೇಕು. ಬೀದಿದೀಪ ಬಂದ ಮೇಲೆ ಸಂಜೆ ಡೈರಿಗೆ ಹಾಲು ಹಾಕಿ ಬರುವಾಗ ನನಗೆ ಭಯ ಇಲ್ಲ. ಕಾಂಪೌಂಡು ಆದ ಮೇಲೆ ನಾವು ನೆಟ್ಟ ಹೊಂಗೆ ಗಿಡಗಳನ್ನು ಮೇಕೆಗಳು ತಿಂದಿಲ್ಲ.

ನಮ್ಮ ಮನೆ ಇರೋದು ಮೇಲಿನ ಬೀದಿಯಲ್ಲಿ. ಅದು ದಿಬ್ಬದ ಮೇಲಿದೆ. ನಮ್ಮ ಮನೆ ಮುಂದೆಯೂ ನಲ್ಲಿ ನಿಲ್ಲಿಸಿ ಹೋಗಿದ್ದರು. ಆದರೆ ತಿರುಗಿಸಿದರೆ ಬುಸ್ ಅಂತ ಗಾಳಿ ಬರುತ್ತಿತ್ತು, ನೀರು ಬರುತ್ತಿರಲಿಲ್ಲ. ಅಮ್ಮ 7 ಗಂಟೆಗೇ ಕೂಲಿಗೆ ಹೋಗ್ತಾರೆ. ಹಾಗಾಗಿ ಕೆಳಗಿನ ತೊಂಬೆಯಿಂದ ನೀರು ಹೊರುವುದು ಅಕ್ಕ ಮತ್ತು ನಾನು. ಅಕ್ಕ 10ನೇ ತರಗತಿ. ಬೆಳಿಗ್ಗೆ ನಡೆಯುವ ಗಣಿತದ ವಿಶೇಷ ತರಗತಿ ಅವಳಿಗೆ ವಾರದಲ್ಲಿ ಮೂರು ದಿನ ತಪ್ಪುತ್ತಿತ್ತು.

ಕಾರ್ಯದರ್ಶಿಗಳು "ಮೇಲಿನ ಬೀದಿ ನಲ್ಲಿ ಕಾಮಗಾರಿ ಪೂರ್ಣಗೊಂಡಿದೆ" ಅಂತ ಓದಿದರು. ಅಧಿಕಾರಿಗಳು "ಯಾರಾದರೂ ಏನಾದರೂ ಹೇಳೋದಿದೆಯಾ?" ಅಂದರು. ಎಲ್ಲರೂ ಸುಮ್ಮನೆ ಕೂತಿದ್ದರು. ಆಗ ನಮ್ಮ ಅಜ್ಜಿ ಕೂತಲ್ಲಿಂದಲೇ, "ಸ್ವಾಮಿ, ನಲ್ಲಿ ಹೋದ ವರ್ಸದ ಲೆಕ್ಕಕ್ಕೆ ಬಂತು. ನೀರು ಯಾವ ವರ್ಸದ ಲೆಕ್ಕಕ್ಕೆ ಬರ್ತೈತೆ?" ಅಂದರು. ಜನರೆಲ್ಲ ನಕ್ಕರು. ಅಧಿಕಾರಿಗಳು ನಗಲಿಲ್ಲ. "ನಡೀರಿ ಅಜ್ಜಿ, ನೋಡೋಣ" ಅಂತ ಎದ್ದರು. ನಮ್ಮ ಬೀದಿಗೆ ಬಂದು ನಾಲ್ಕು ನಲ್ಲಿ ತಿರುಗಿಸಿದರು. ನಾಲ್ಕರಲ್ಲೂ ಗಾಳಿಯೇ ಬಂತು. ಅದನ್ನು ಪುಸ್ತಕದಲ್ಲಿ ಬರೆದುಕೊಂಡರು.

ಆಮೇಲೆ ನಾವು ನಾಲ್ಕು ಜನ ಗೆಳತಿಯರು ಒಂದು ಕೆಲಸ ಮಾಡಿದೆವು. ಒಂದು ವಾರ ನಮ್ಮ ಬೀದಿಯ 14 ನಲ್ಲಿಗಳನ್ನು ದಿನಾ ಬೆಳಿಗ್ಗೆ ನೋಡಿ ನೋಟ್ ಪುಸ್ತಕದಲ್ಲಿ ಬರೆದೆವು. ದಿಬ್ಬದ ಬುಡದ 5 ನಲ್ಲಿಗಳಲ್ಲಿ ಸ್ವಲ್ಪ ಸ್ವಲ್ಪ ನೀರು ಬಂತು. ಮೇಲಿನ 9 ನಲ್ಲಿಗಳಲ್ಲಿ ಒಂದು ದಿನವೂ ಬರಲಿಲ್ಲ. ವಿಜ್ಞಾನದ ಮೇಡಂ ಕಾರಣ ಹೇಳಿದರು. ನೀರು ಮೇಲೆ ಏರಬೇಕಾದರೆ ಕೊಳವೆಯಲ್ಲಿ ಒತ್ತಡ ಬೇಕು. ಕೆಳಗಿನ ಬೀದಿಯ ನಲ್ಲಿಗಳು ಒಟ್ಟಿಗೆ ಬಿಟ್ಟಿದ್ದರೆ ಒತ್ತಡ ಅಲ್ಲೇ ಮುಗಿದುಹೋಗುತ್ತದೆ. ಕೆಲವರು ನಲ್ಲಿಗೆ ಮೋಟರ್ ಹಾಕಿ ಎಳೆದರಂತೂ ಮೇಲಿನವರಿಗೆ ಏನೂ ಉಳಿಯುವುದಿಲ್ಲ. ಒಂದೊಂದು ಬೀದಿಗೆ ಒಂದೊಂದು ವಾಲ್ವ್ ಇದ್ದು, ಸರದಿ ಪ್ರಕಾರ ಬಿಟ್ಟರೆ ನೀರು ಏರುತ್ತದೆ.

2019ರಲ್ಲಿ ಶುರುವಾದ ಜಲ ಜೀವನ್ ಮಿಷನ್‌ನಲ್ಲಿ ಒಬ್ಬರಿಗೆ ದಿನಕ್ಕೆ 55 ಲೀಟರ್ ನೀರು ಕೊಡಬೇಕು ಅಂತ ಇದೆ. ನಾನು ಲೆಕ್ಕ ಮಾಡಿದೆ. ನಮ್ಮ ಮನೆಯಲ್ಲಿ 5 ಜನ. 55 × 5 = 275 ಲೀಟರ್. ನಮ್ಮ ಕೊಡ 15 ಲೀಟರ್ ಹಿಡಿಯುತ್ತದೆ. ಅಂದರೆ 18 ಕೊಡಕ್ಕಿಂತ ಜಾಸ್ತಿ. ನಾವು ಹೊರುತ್ತಿದ್ದದ್ದು 10 ಕೊಡ.

2025ರ ನವೆಂಬರ್‌ನಲ್ಲಿ ಮಕ್ಕಳ ಗ್ರಾಮಸಭೆ ನಡೆಯಿತು. ಅಲ್ಲಿ ಮಕ್ಕಳೇ ಎದ್ದು ಪ್ರಶ್ನೆ ಕೇಳಬಹುದು. ನಾನು ಎದ್ದಾಗ ಕಾಲು ನಡುಗುತ್ತಿತ್ತು. ಆದರೂ ನೋಟ್ ಪುಸ್ತಕ ನೋಡಿಕೊಂಡು 9 ನಲ್ಲಿಗಳ ಲೆಕ್ಕ, 18 ಕೊಡದ ಲೆಕ್ಕ ಎರಡನ್ನೂ ಓದಿದೆ. "ನಮ್ಮ ಬೀದಿಗೆ ವಾಲ್ವ್ ಹಾಕಿಸಿ ಸಾರ್, ನಮ್ಮಕ್ಕ ಪಾಠ ತಪ್ಪಿಸ್ಕೊಳ್ತಾ ಇದಾಳೆ" ಅಂದೆ. ಅಧ್ಯಕ್ಷರು ನನ್ನ ಪುಸ್ತಕ ಇಸ್ಕೊಂಡು ನೋಡಿದರು.

ಮೂರು ವಾರದ ಮೇಲೆ ವಾಲ್ವ್ ಹಾಕಿದರು. ಈಗ ನೀರುಗಂಟಿ ಮಾಮ ದಿನ ಬಿಟ್ಟು ದಿನ ಬೆಳಿಗ್ಗೆ ಒಂದು ಗಂಟೆ ಕೆಳಗಿನ ಬೀದಿ ನಿಲ್ಲಿಸಿ ನಮಗೆ ಬಿಡ್ತಾರೆ. 14 ನಲ್ಲಿಗಳಲ್ಲಿ 12ಕ್ಕೆ ನೀರು ಬರುತ್ತದೆ. ತುದಿಯ ಎರಡು ಮನೆಗೆ ಇನ್ನೂ ಇಲ್ಲ. ಕೆಳಗಿನ ಬೀದಿಯ ಕೆಲವರಿಗೆ ನಮ್ಮ ಮೇಲೆ ಕೋಪ ಇದೆ, "ನಿಮ್ಮಿಂದ ನಮಗೆ ಕಮ್ಮಿ ಆಯ್ತು" ಅಂತಾರೆ. ಅವರ ಮಾತಿನಲ್ಲೂ ಸತ್ಯ ಇದೆ. ಇರುವ ಬೋರ್‌ವೆಲ್ ಒಂದೇ. ಅದಕ್ಕೇ ಮುಂದಿನ ವರ್ಷದ ಕಾಮಗಾರಿಯಲ್ಲಿ ಎತ್ತರದ ನೀರಿನ ಟ್ಯಾಂಕು ಸೇರಿಸಬೇಕು ಅಂತ ಎರಡೂ ಬೀದಿಯವರು ಒಟ್ಟಾಗಿ ಅರ್ಜಿ ಕೊಟ್ಟಿದ್ದಾರೆ. ಅಜ್ಜಿಯದು ಹೆಬ್ಬೆಟ್ಟು. ಅಕ್ಕ ಈಗ ವಾರದಲ್ಲಿ ಒಂದು ದಿನ ಮಾತ್ರ ಗಣಿತದ ತರಗತಿ ತಪ್ಪಿಸುತ್ತಾಳೆ.

ನನಗೆ ಅನಿಸುವುದು ಇಷ್ಟು. ಪಂಚಾಯಿತಿಯ ಪಟ್ಟಿಯಲ್ಲಿ ಎಷ್ಟು ನಲ್ಲಿ ಹಾಕಿದೆವು ಅಂತ ಬರೆಯುತ್ತಾರೆ. ಅದರ ಪಕ್ಕದಲ್ಲಿ ಎಷ್ಟು ನಲ್ಲಿಯಲ್ಲಿ ನೀರು ಬರುತ್ತಿದೆ ಅಂತಲೂ ಬರೆಯಬೇಕು. ದಿನಾ ನಸುಕಿನಲ್ಲಿ ಎದ್ದು ವಾಲ್ವ್ ತಿರುಗಿಸುವ ನೀರುಗಂಟಿ ಮಾಮನ ಕೆಲಸ ಯಾವ ಪಟ್ಟಿಯಲ್ಲೂ ಇಲ್ಲ. ಅದನ್ನೂ ಸೇರಿಸಬೇಕು.

ಗೆಳೆಯ ಗೆಳತಿಯರೇ, ಅತ್ತರೆ ತಾನೇ ಅಮ್ಮ ಹಾಲು ಕೊಡೋದು? ಮುಂದಿನ ಜಮಾಬಂದಿಗೆ ನಿಮ್ಮ ಮನೆಯ ದೊಡ್ಡವರನ್ನು ತಪ್ಪದೆ ಕಳುಹಿಸಿ. ನೀವೂ ನಿಮ್ಮ ಬೀದಿಯ ನಲ್ಲಿ, ದೀಪ, ಚರಂಡಿ ಎಣಿಸಿ ಬರೆದಿಡಿ.

— 7ನೇ ತರಗತಿ ವಿದ್ಯಾರ್ಥಿನಿ