ಬೆಕ್ಕಿನ ಕಣ್ಣು

ಬೀಜಾಡಿಯ ಕಡಲ ಬದಿಯ ಮನೆಯಲ್ಲಿ ಆ ರಾತ್ರಿ ಕರೆಂಟು ಹೋಗಿತ್ತು. ಟಾರ್ಚು ಹಚ್ಚಿ ಮೊಮ್ಮಗನಿಗೆ ಉಣಿಸುತ್ತಿದ್ದ ಅಜ್ಜಿ ತಟ್ಟನೆ ಕೈ ನಿಲ್ಲಿಸಿದರು. "ಹೆಣ್ಣೆ, ಇಲ್ ಕಾಣ್. ಮಾಣಿ ಕಣ್ಣ್ ಬೆಕ್ಕಿನ್ ಕಣ್ಣ್ ಹೊಳ್ದಂಗೆ ಹೊಳಿತ್ತ್."

ಸೊಸೆ ನೋಡುವಷ್ಟರಲ್ಲಿ ಹೊಳಪು ಮಾಯ. ಎರಡು ವರ್ಷದ ಮಾಣಿ ನಗುತ್ತಿದ್ದ. ದೃಷ್ಟಿ ತಾಗಿರಬೇಕೆಂದು ಉಪ್ಪು ಮೆಣಸು ನಿವಾಳಿಸಿದ್ದಾಯಿತು. ಆದರೆ ತಾಯಿಗೆ ನಿದ್ದೆ ಬರಲಿಲ್ಲ. ಕೋಟೇಶ್ವರದ ಕೊಡಿಹಬ್ಬದಲ್ಲಿ ತೆಗೆದ ಫೋಟೋವನ್ನು ಮತ್ತೆ ತೆಗೆದು ನೋಡಿದಳು. ಒಂದು ಪಾಪೆ ಕೆಂಪಗಿತ್ತು, ಇನ್ನೊಂದು ಬೆಳ್ಳಗೆ.

ಮರುದಿನವೇ ಕುಂದಾಪುರದ ಕಣ್ಣಿನ ವೈದ್ಯರು, ಅಲ್ಲಿಂದ ಮಣಿಪಾಲ. ಮಗುವಿಗೆ ಅರಿವಳಿಕೆ ಕೊಟ್ಟು, ಹನಿ ಹಾಕಿ ಪಾಪೆ ಅಗಲಿಸಿ ಎರಡೂ ಕಣ್ಣುಗಳ ಒಳಗನ್ನು ನೋಡಿದರು. ಸ್ಕ್ಯಾನಿಂಗ್‌ನಲ್ಲಿ ಗಡ್ಡೆಯೊಳಗೆ ಸುಣ್ಣದ ಕಣಗಳು ಕಂಡವು. ಅದು ರೆಟಿನೋಬ್ಲಾಸ್ಟೋಮಾ; ಅಕ್ಷಿಪಟಲದಲ್ಲಿ ಹುಟ್ಟುವ, ಬಹುಪಾಲು ಐದು ವರ್ಷದೊಳಗಿನ ಮಕ್ಕಳನ್ನೇ ಹಿಡಿಯುವ ಕ್ಯಾನ್ಸರ್. ಬೇರೆ ಗಡ್ಡೆಗಳಂತೆ ಇದಕ್ಕೆ ಸೂಜಿ ಚುಚ್ಚಿ ಚೂರು ತೆಗೆಯುವುದಿಲ್ಲ. ಚುಚ್ಚಿದ ದಾರಿಯಲ್ಲೇ ರೋಗ ಕಣ್ಣಿನಿಂದ ಹೊರಬರುವ ಭಯ.

ಗಡ್ಡೆ ಚಿಕ್ಕದಿದ್ದರೆ ಲೇಸರ್‌ನಿಂದ ಸುಡಬಹುದು, ಅತಿ ಶೀತದಿಂದ ಹೆಪ್ಪುಗಟ್ಟಿಸಬಹುದು, ಔಷಧಿ ಕೊಟ್ಟು ಕುಗ್ಗಿಸಬಹುದು. ಈ ಮಗುವಿನಲ್ಲಿ ಅದು ಕಣ್ಣನ್ನೆಲ್ಲ ತುಂಬಿತ್ತು, ದೃಷ್ಟಿ ಆಗಲೇ ಹೋಗಿತ್ತು. ನರದ ಹಾದಿಯಲ್ಲಿ ಮಿದುಳಿಗೆ ಏರುವ ಮೊದಲು ಕಣ್ಣನ್ನೇ ತೆಗೆಯಬೇಕೆಂದರು ವೈದ್ಯರು.

ಬೆಂಗಳೂರಿನ ಹೋಟೆಲಿನಿಂದ ಓಡಿಬಂದ ತಂದೆ ಒಪ್ಪಲಿಲ್ಲ. ನೋವಿಲ್ಲ, ಜ್ವರವಿಲ್ಲ, ಆಡುವ ಮಗುವಿನ ಕಣ್ಣು ಕೀಳಿಸುವುದೇ? ನಾಟಿ ಮದ್ದು ಮಾಡಿ ನೋಡೋಣವೆಂದು ನೆಂಟರೂ ದನಿಗೂಡಿಸಿದರು. ಹಟ ಮುರಿದವರು ಅಜ್ಜಿ. "ಒಂದ್ ಕಣ್ಣ್ ಹೋಯ್ಲಿ, ಮಾಣಿ ಒಳಿಲಿ" ಎಂದು ಅವರು ಎದ್ದು ನಿಂತ ಮೇಲೆ ಯಾರೂ ಮಾತಾಡಲಿಲ್ಲ.

ಶಸ್ತ್ರಚಿಕಿತ್ಸೆಯಾಯಿತು. ತೆಗೆದ ಕಣ್ಣಿನ ಪರೀಕ್ಷೆಯಲ್ಲಿ ರೋಗ ಹೊರಗೆ ದಾಟಿರಲಿಲ್ಲ. ಕೆಲವು ವಾರಗಳ ನಂತರ ಇನ್ನೊಂದು ಕಣ್ಣಿಗೆ ಹೊಂದುವ ಕೃತಕ ಕಣ್ಣು ಕೂರಿಸಿದರು. ಉಳಿದ ಕಣ್ಣಿನಲ್ಲೂ ಗಡ್ಡೆ ಮೂಡಬಹುದಾದ್ದರಿಂದ ವರ್ಷಗಟ್ಟಲೆ ತಪಾಸಣೆ ತಪ್ಪಲಿಲ್ಲ. ಆರ್‌ಬಿ1 ಎಂಬ ಜೀನಿನ ದೋಷ ಮನೆತನದಲ್ಲಿ ಹರಿದು ಬರಬಹುದೆಂದು ಆಮೇಲೆ ಹುಟ್ಟಿದ ತಂಗಿಯ ಕಣ್ಣುಗಳನ್ನೂ ಎಳವೆಯಲ್ಲೇ ನೋಡಿಸಿದರು.

ಪಾಪೆ ಬೆಳ್ಳಗೆ ಕಂಡದ್ದೆಲ್ಲ ಕ್ಯಾನ್ಸರ್ ಅಲ್ಲ. ಪೊರೆ ಇರಬಹುದು, ಫೋಟೋ ತೆಗೆದ ಕೋನವೂ ಇರಬಹುದು. ಹೊಸದಾಗಿ ಬಂದ ಮಾಲುಗಣ್ಣನ್ನು ಅದೃಷ್ಟವೆಂದು ಬಿಡುವಂತೆಯೂ ಇಲ್ಲ. ಯಾವುದೆಂದು ಹೇಳಬೇಕಾದವರು ವೈದ್ಯರು, ಅದೂ ತಡವಿಲ್ಲದೆ.

ಮಾಣಿ ಈಗ ಶಾಲೆಗೆ ಹೋಗುತ್ತಾನೆ, ಸಂಜೆ ಹೊಯಿಗೆಯಲ್ಲಿ ಕ್ರಿಕೆಟ್ ಆಡುತ್ತಾನೆ. ಎಡಬದಿಯಿಂದ ಬರುವ ಚೆಂಡಿಗೆ ಕತ್ತು ತುಸು ಹೆಚ್ಚು ತಿರುಗಿಸಬೇಕು, ಅಷ್ಟೆ. ಅಜ್ಜಿ ಮಾತ್ರ ನೆರೆಮನೆಯ ತೊಟ್ಟಿಲ ಶಾಸ್ತ್ರಕ್ಕೆ ಹೋದರೂ ಮಗುವಿನ ಕಣ್ಣನ್ನೊಮ್ಮೆ ಬಗ್ಗಿ ನೋಡದೆ ಬರುವುದಿಲ್ಲ.