ಅಳಿಸಿ ನೋಡುವ ಕೆಲಸ

ನನ್ನ ಅಕ್ಕನ ಮಗನ ಉದ್ಯೋಗ ಆ್ಯಪ್‌ಗಳನ್ನು ಪರೀಕ್ಷಿಸುವುದು. ಕಂಪೆನಿ ಮಂಗಳೂರಿನದ್ದಾದರೂ ವಾರದಲ್ಲಿ ಮೂರು ದಿನ ಕಾಸರಗೋಡಿನ ನಮ್ಮ ಮನೆಯ ಚಾವಡಿಯೇ ಅವನ ಆಫೀಸು. ಬೇರೆಯವರು ಮಾಡಿದ್ದರಲ್ಲಿ ತಪ್ಪು ಹುಡುಕಿದರೆ ಸಂಬಳ ಸಿಗುತ್ತದೆಂಬುದನ್ನು ನನ್ನ ಅತ್ತೆ ಇನ್ನೂ ಪೂರ್ತಿ ನಂಬಿಲ್ಲ. ಅವರು ಆ ಕೆಲಸವನ್ನು ನಲವತ್ತು ವರ್ಷ ಪುಕ್ಕಟೆಯಾಗಿ ಮಾಡಿದವರು.

ಅವನ ಕಂಪ್ಯೂಟರಿನ ಪರದೆಯ ಮೇಲೆ ಒಂದು ಫೋನು ಕಾಣುತ್ತದೆ. ಕೈಯಲ್ಲಿ ಹಿಡಿಯಲಾಗದ, ಬಿದ್ದರೂ ಒಡೆಯದ ಫೋನು. ಆಪಲ್‌ನದ್ದಕ್ಕೆ ಸಿಮ್ಯುಲೇಟರ್ ಎಂದೂ ಆಂಡ್ರಾಯ್ಡ್‌ನದ್ದಕ್ಕೆ ಎಮ್ಯುಲೇಟರ್ ಎಂದೂ ಹೆಸರು. ಕುಳಿತಲ್ಲಿಂದಲೇ ಅದನ್ನು ಕಾಶ್ಮೀರದಲ್ಲಿದೆ ಎಂದು ನಂಬಿಸಬಹುದು. ಅದಕ್ಕೆ ಆ್ಯಪ್ ಹಾಕುತ್ತಾನೆ, ತೆರೆಯುತ್ತಾನೆ, ಎರಡು ಮೂರು ಕಡೆ ಒತ್ತುತ್ತಾನೆ, ತೆಗೆದುಬಿಡುತ್ತಾನೆ. ಮತ್ತೆ ಹಾಕುತ್ತಾನೆ. ಅರ್ಧ ದಿನ ಇದೇ ನಡೆದದ್ದನ್ನು ನೋಡಿ, "ಇದೆಂಥ ಕೆಲಸವೋ ಮಾರಾಯ?" ಎಂದೆ.

"ಮೊದಲ ಸಲ ತೆರೆಯುವವರಿಗೆ ಏನು ಕಾಣ್ತದೆ ಅಂತ ನೋಡಬೇಕಲ್ಲ ಚಿಕ್ಕಮ್ಮ. ಎರಡನೇ ಸಲಕ್ಕೆ ಅದಕ್ಕೆ ನನ್ನ ಗುರುತು ಹತ್ತಿರ್ತದೆ" ಎಂದ.

ನಾವು ಆರಿಸಿದ ಭಾಷೆ, ಕೊಟ್ಟ ಒಪ್ಪಿಗೆ, ಲಾಗಿನ್ ಎಲ್ಲವನ್ನೂ ಆ್ಯಪ್ ನೆನಪಿಟ್ಟುಕೊಳ್ಳುತ್ತದೆ. ಅದನ್ನೆಲ್ಲ ಮರೆಸಿ ಪರೀಕ್ಷಿಸುವುದಕ್ಕೆ ಅವರ ಭಾಷೆಯಲ್ಲಿ 'ಕ್ಲೀನ್ ಸ್ಟೇಟ್' ಎನ್ನುತ್ತಾರಂತೆ. ಮಡಿ ಎಂದರೆ ನಮಗೆ ಬೇಗ ತಿಳಿದೀತು. ಮಡಿಯ ಹಾಗೆಯೇ ಇದೂ ಸುಲಭಕ್ಕೆ ದಕ್ಕುವುದಿಲ್ಲ. ಐಫೋನಿನಲ್ಲಿ ಕೀಚೈನ್ ಎಂಬ ಕಪಾಟಿದೆ. ಪಾಸ್‌ವರ್ಡಿನಂಥವನ್ನು ಆ್ಯಪ್‌ಗಳು ಅಲ್ಲಿಡುತ್ತವೆ. ಆ್ಯಪನ್ನು ತೆಗೆದುಹಾಕಿದರೂ ಅಲ್ಲಿಟ್ಟದ್ದು ಉಳಿಯುತ್ತದೆ, ಸಿಮ್ಯುಲೇಟರಿನಲ್ಲೂ ಹಾಗೆಯೇ. ಅದೂ ಹೋಗಬೇಕಾದರೆ ಆ ತೋರಿಕೆಯ ಫೋನನ್ನೇ ಇಡಿಯಾಗಿ 'ಇರೇಸ್' ಮಾಡಬೇಕು. ಆಂಡ್ರಾಯ್ಡ್‌ನಲ್ಲಿ ಆ್ಯಪ್ ತೆಗೆಯುವ ಆಜ್ಞೆಯ ಜೊತೆ 'ಕೆ' ಎಂಬ ಒಂದಕ್ಷರ ಸೇರಿಸಿದರೆ ಆ್ಯಪ್ ಮಾತ್ರ ಹೋಗಿ ಅದರ ಮಾಹಿತಿ ಉಳಿಯುತ್ತದೆ.

ನನಗೆ ಇದರಲ್ಲಿ ಆಶ್ಚರ್ಯವೇನೂ ಕಾಣಲಿಲ್ಲ. ನಮ್ಮಲ್ಲಿ ಖಾತೆ ಮುಚ್ಚಿದವರು ಎಲ್ಲ ಮುಗಿಯಿತೆಂದು ಹೊರಡುತ್ತಾರೆ. ಆದರೆ 2002ರ ಹಣ ಅಕ್ರಮ ವರ್ಗಾವಣೆ ತಡೆ ಕಾಯ್ದೆಯ ಪ್ರಕಾರ ಅವರ ಗುರುತಿನ ದಾಖಲೆಗಳನ್ನು ನಾವು ಮತ್ತೆ 5 ವರ್ಷ ಇಟ್ಟುಕೊಳ್ಳಲೇಬೇಕು.

ನನಗೆ ನಿಜವಾಗಿ ತಟ್ಟಿದ್ದು ಬೇರೊಂದು ಸಂಗತಿ. ಪೆರ್ಲ, ಬದಿಯಡ್ಕ, ಮುಳ್ಳೇರಿಯ ಕಡೆಯ ಹಿರಿಯರಲ್ಲಿ ಕನ್ನಡ ಶಾಲೆಯಲ್ಲಿ ಕಲಿತವರು ಅನೇಕರು. ಮಲಯಾಳ ಚೆನ್ನಾಗಿಯೇ ಮಾತಾಡುತ್ತಾರೆ, ಓದಲು ಬರುವುದಿಲ್ಲ. ಅಂಥವರು ಕೌಂಟರಿಗೆ ಬಂದು ಫೋನು ಮುಂದಿಟ್ಟು, "ಇದರಲ್ಲಿ ಕನ್ನಡ ಇಲ್ಲವಾ ಅಮ್ಮ?" ಎಂದು ಕೇಳುವುದುಂಟು. ಇದ್ದರೂ ಎಷ್ಟೋ ಸಲ ಅದು ಮೂರು ಪರದೆಗಳ ಆಚೆ ಇರುತ್ತದೆ. ಅಲ್ಲಿಗೆ ಹೋಗುವ ದಾರಿ ಅವರು ಓದಲಾರದ ಲಿಪಿಯಲ್ಲಿರುತ್ತದೆ. ಕೊನೆಗೆ ಅವರು ಫೋನನ್ನೂ ಪಿನ್ ನಂಬರನ್ನೂ ಅಂಗಡಿಯ ಹುಡುಗನ ಕೈಗೆ ಕೊಡುತ್ತಾರೆ. ಹುಡುಗ ಒಳ್ಳೆಯವನೇ ಇರಬಹುದು. ಬ್ಯಾಂಕಿನಲ್ಲಿ ಕೆಲಸ ಮಾಡುವ ನನಗೆ ಮಾತ್ರ ಎದೆ ಧಸಕ್ಕೆನ್ನುತ್ತದೆ.

ಅವನು ಪರೀಕ್ಷಿಸುತ್ತಿದ್ದ ಹಣ ಪಾವತಿಯ ಆ್ಯಪಿನಲ್ಲಿಯೂ ಇದೇ ಕತೆ. ಫೋನಿನ ಭಾಷೆ ಕನ್ನಡವಾಗಿದ್ದರೂ ಸ್ಥಳ ಕಾಸರಗೋಡು ಎಂದು ಗೊತ್ತಾದೊಡನೆ ಅದು ಮಲಯಾಳಕ್ಕೆ ತಿರುಗುತ್ತಿತ್ತು. ಒಮ್ಮೆ ಹೇಗೋ ಕನ್ನಡ ಆರಿಸಿದರೆ ಆಮೇಲೆ ತೊಂದರೆಯಿಲ್ಲ. ಹಾಗಾಗಿ ಅದನ್ನು ದಿನವೂ ಬಳಸುತ್ತಿದ್ದವರ ಕಣ್ಣಿಗೆ ಈ ದೋಷ ಬಿದ್ದಿರಲೇ ಇಲ್ಲ. ಅವನು ಬರೆದು ತಿಳಿಸಿದ. "ನಾನೂ ನನ್ನ ಫೋನಿನಿಂದ ತೆಗೆದು ಪುನಃ ಹಾಕಿ ನೋಡಿದೆ, ಕನ್ನಡವೇ ಬಂತು" ಎಂದು ಆ್ಯಪ್ ಬರೆದವರಿಂದ ಉತ್ತರ ಬಂತು.

ಅವರು ಸುಳ್ಳು ಹೇಳಿರಲಿಲ್ಲ. 2015ರಲ್ಲಿ ಬಂದ ಆಂಡ್ರಾಯ್ಡ್ 6ರಿಂದೀಚೆಗೆ ಆ್ಯಪಿನ ಮಾಹಿತಿ, 25 ಎಂಬಿಯವರೆಗೆ, ನಮ್ಮ ಗೂಗಲ್ ಖಾತೆಗೆ ತಾನಾಗಿ ನಕಲಾಗುವ ಏರ್ಪಾಡಿದೆ. ಆ್ಯಪ್ ಬರೆದವರೇ ಬೇಡವೆಂದು ತಡೆದಿದ್ದರೆ ಮಾತು ಬೇರೆ. ರಾತ್ರಿ ಚಾರ್ಜಿಗೆ ಹಾಕಿ ವೈಫೈ ಬಿಟ್ಟು ಮಲಗಿದಾಗ ಸದ್ದಿಲ್ಲದೆ ಅದು ನಡೆದುಹೋಗುತ್ತದೆ. ತೆಗೆದ ಆ್ಯಪನ್ನು ಪುನಃ ಹಾಕಿದರೆ ಹಳೆಯ ನೆನಪು ಹಿಂದಿನಿಂದಲೇ ಬಂದು ಕೂರುತ್ತದೆ. ಅವರು ನೋಡಿದ ಕನ್ನಡ ಎಂದೋ ಅವರೇ ಆರಿಸಿದ್ದ ಕನ್ನಡ.

ಇವನು ಎಮ್ಯುಲೇಟರನ್ನು ಪೂರ್ತಿ ಅಳಿಸಿದ. ಗೂಗಲ್ ಖಾತೆ ಸೇರಿಸದೆ, ಭಾಷೆ ಕನ್ನಡ, ಸ್ಥಳ ಕಾಸರಗೋಡು ಎಂದಿಟ್ಟು, ಆ್ಯಪ್ ತೆರೆದು ಪರದೆಯ ಚಲನಚಿತ್ರವನ್ನೇ ಕಳುಹಿಸಿದ. ಆಗ ಒಪ್ಪಿದರು. ಒಪ್ಪಿದವರು ತಡಮಾಡಲಿಲ್ಲ ಎಂಬುದನ್ನೂ ಹೇಳಬೇಕು.

ತಿದ್ದಿದ ಆವೃತ್ತಿ ಬಂದ ದಿನ ನಾನೂ ಪಕ್ಕದಲ್ಲಿ ಕುಳಿತು ನೋಡಿದೆ. ಅಳಿಸಿದ, ಹಾಕಿದ, ತೆರೆದ. ಕನ್ನಡ ಬಂತು. ಪುನಃ ಎಲ್ಲವನ್ನೂ ಅಳಿಸಿ ಫೋನಿನ ಭಾಷೆಯನ್ನು ಮಲಯಾಳ ಮಾಡಿ ಸ್ಥಳವನ್ನು ಮಂಗಳೂರಿಗೆ ಒಯ್ದ. "ಇದು ಯಾಕೆ?" ಎಂದೆ. "ಅಲ್ಲಿಯ ಆಸ್ಪತ್ರೆಗಳಿಗೆ ನಮ್ಮ ಕಡೆಯ ಮಲಯಾಳದವರು ಎಷ್ಟು ಜನ ಹೋಗ್ತಾರೆ ಚಿಕ್ಕಮ್ಮ! ಅವರಿಗೆ ಕನ್ನಡ ಬಂದುಬಿಟ್ಟರೆ?"

ಮಲಯಾಳವೇ ಬಂತು. ಅದನ್ನೂ ಅಳಿಸಿ ಊಟಕ್ಕೆ ಎದ್ದ.