ದಾರಿ ಎಷ್ಟು, ಹೊತ್ತು ಎಷ್ಟು?

ನಾವು ಮಠದಲ್ಲಿ ಓದುತ್ತಿದ್ದ ಕಾಲದಲ್ಲಿ ದೂರವನ್ನು ಹರಿದಾರಿಯಲ್ಲಿ ಹೇಳುವ ಹಿರಿಯರು ಇನ್ನೂ ಇದ್ದರು. ಇಂಥ ಊರಿಗೆ ಎರಡು ಹರಿದಾರಿ ಎಂದರೆ, ಹೊತ್ತು ಮೂಡುವಾಗ ಹೊರಟವನು ಬಿಸಿಲೇರುವ ಮೊದಲು ತಲುಪುವನು ಎಂಬ ಅರ್ಥವೂ ಅದರಲ್ಲಿಯೇ ಅಡಗಿರುತ್ತಿತ್ತು. ಆಕಾಶಯಾನದಲ್ಲಿ ದಾರಿಯ ಲೆಕ್ಕ ಬೇರೆ, ಕಾಲದ ಲೆಕ್ಕ ಬೇರೆ. ಮಕ್ಕಳನ್ನು ಕಡಲಾಚೆಗೆ ಕಳುಹಿಸಿರುವ ಮನೆಗಳವರು ಈ ಭೇದವನ್ನು ಅರಿತಿರುವುದು ಅಗತ್ಯ.

ಬೆಂಗಳೂರಿಗೂ ಅಮೆರಿಕದ ಸ್ಯಾನ್ ಫ್ರಾನ್ಸಿಸ್ಕೋ ನಗರಕ್ಕೂ ನಡುವಿನ ನೇರ ಅಂತರ ಸುಮಾರು 14,000 ಕಿಲೋಮೀಟರು. 2021ರ ಜನವರಿ 9ರ ರಾತ್ರಿ ಅಲ್ಲಿಂದ ಹೊರಟ ಏರ್ ಇಂಡಿಯಾ ವಿಮಾನವೊಂದು ಉತ್ತರ ಧ್ರುವದ ಮಾರ್ಗವಾಗಿ, ನಡುವೆ ಎಲ್ಲಿಯೂ ಇಳಿಯದೆ, 11ರ ನಸುಕಿನಲ್ಲಿ ದೇವನಹಳ್ಳಿಯ ಕೆಂಪೇಗೌಡ ನಿಲ್ದಾಣವನ್ನು ಸೇರಿತು. ಅದನ್ನು ನಡೆಸಿದವರು ನಾಲ್ವರು ಮಹಿಳಾ ಪೈಲಟ್‌ಗಳು. ಪಂಚಾಂಗದಲ್ಲಿ ಎರಡು ದಿನ ಸರಿದರೂ ಹಾರಾಟಕ್ಕೆ ಹಿಡಿದದ್ದು ಸುಮಾರು 17 ಗಂಟೆ ಮಾತ್ರ. ಮಿಕ್ಕದ್ದು ಎರಡು ಊರುಗಳ ಗಡಿಯಾರದ ಅಂತರ. ಅದು ಚಳಿಗಾಲದಲ್ಲಿ 13½ ಗಂಟೆ, ಬೇಸಿಗೆಯಲ್ಲಿ 12½ ಗಂಟೆ.

ಇನ್ನೊಂದು ಸೋಜಿಗವಿದೆ. ದೆಹಲಿಯಿಂದ ಸ್ಯಾನ್ ಫ್ರಾನ್ಸಿಸ್ಕೋಗೆ ಅಟ್ಲಾಂಟಿಕ್ ಸಾಗರದ ಮೇಲೆ ಹೋಗುತ್ತಿದ್ದ ವಿಮಾನದ ದಾರಿ ಸುಮಾರು 13,900 ಕಿಲೋಮೀಟರು. 2016ರ ಅಕ್ಟೋಬರಿನಲ್ಲಿ ಅದನ್ನು ಪೆಸಿಫಿಕ್ ಸಾಗರದ ಮೇಲೆ ತಿರುಗಿಸಿದಾಗ ದಾರಿ 15,300 ಕಿಲೋಮೀಟರಿಗೆ ಬೆಳೆಯಿತು. ಆದರೂ ವಿಮಾನವು ಮೊದಲಿಗಿಂತ ಸುಮಾರು ಎರಡು ಗಂಟೆ ಬೇಗನೆ, 14½ ಗಂಟೆಗಳಲ್ಲಿಯೇ ತಲುಪಿತು! ಸುಮಾರು ಹತ್ತು ಕಿಲೋಮೀಟರು ಎತ್ತರದಲ್ಲಿ ಪಶ್ಚಿಮದಿಂದ ಪೂರ್ವಕ್ಕೆ ಬಿರುಸಾಗಿ ಬೀಸುವ ಗಾಳಿಯೇ ಇದಕ್ಕೆ ಕಾರಣ. ಬೆನ್ನಿಗೆ ಬಂದರೆ ಅದು ನೂಕುತ್ತದೆ, ಎದುರಾದರೆ ತಡೆಯುತ್ತದೆ.

ಈ ಲೆಕ್ಕ ನಮ್ಮ ಮನೆಯ ಅಂಗಳಕ್ಕೇ ಬಂದ ದಿನವೊಂದುಂಟು. ದಾವಣಗೆರೆ ಸೀಮೆಯ ಹಳ್ಳಿಯಲ್ಲಿ ನನ್ನ ಅಕ್ಕ ಲಿಂಗೈಕ್ಯಳಾದಾಗ ಅವಳ ಒಬ್ಬನೇ ಮಗ ಸ್ಯಾನ್ ಫ್ರಾನ್ಸಿಸ್ಕೋದಲ್ಲಿದ್ದ. ಸಮಾಧಿಯ ಹೊತ್ತನ್ನು ನಿಶ್ಚಯಿಸಬೇಕಾಗಿತ್ತು. “ಹದಿನೇಳು ಗಂಟೆ ತಾನೆ, ಕಾಯೋಣ” ಎಂದರು ಬಂಧುಗಳು. ನಾನು ಕಾಗದ ಹಿಡಿದು ಕೂಡಿಸಿದೆ. ಟಿಕೆಟು ಸಿಕ್ಕುವುದು ಮರುದಿನಕ್ಕೆ. ನಿಲ್ದಾಣದಲ್ಲಿ ಮೂರು ಗಂಟೆ ಮೊದಲೇ ಹಾಜರಿ. ನಡುದಾರಿಯಲ್ಲಿ ವಿಮಾನದ ಬದಲಾವಣೆ. ಇಳಿದ ಮೇಲೆ ತಪಾಸಣೆ. ಬೆಂಗಳೂರಿನಿಂದ ರಸ್ತೆಯಲ್ಲಿ ಐದು ಗಂಟೆ. ಮೊತ್ತ 50 ಗಂಟೆಗಳನ್ನು ಮೀರಿತು.

ಅಕ್ಕ ಈ ಬಗೆಗೆ ಏನನ್ನೂ ಹೇಳಿರಲಿಲ್ಲ. ಆದ್ದರಿಂದ “ಕಾಯಬೇಡಿ ಮಾಮ” ಎಂಬ ಮಾತನ್ನು ಅವನೇ ನಡುರಾತ್ರಿಯಲ್ಲಿ ದೂರವಾಣಿ ಹಿಡಿದು ಆಡಬೇಕಾಯಿತು. ಮೂರನೆಯ ದಿನ ಬಂದವನು ಹಸಿ ಮಣ್ಣಿನ ಮುಂದೆ ಕುಳಿತು ಬಹಳ ಹೊತ್ತು ಏಳಲಿಲ್ಲ.

ಹೆತ್ತವರು ಆಡಿಡಬೇಕಾದ ಮಾತನ್ನು ಮಕ್ಕಳ ಬಾಯಿಂದ ಆಡಿಸುವುದು ತರವಲ್ಲ. ದೇಹ ಗಟ್ಟಿಯಾಗಿರುವಾಗಲೇ ಮನೆಯವರೆಲ್ಲ ಕುಳಿತು, ಮನೆಯ ಬಾಗಿಲಿನಿಂದ ಮನೆಯ ಬಾಗಿಲಿಗೆ ಎಷ್ಟು ಗಂಟೆ ಎಂಬುದನ್ನು ಎಣಿಸಿ, ಕಾಯಬೇಕೆ ಬೇಡವೆ ಎಂಬುದನ್ನು ಹಿರಿಯರೇ ತಿಳಿಸಿಬಿಡಬೇಕು. ನನ್ನ ಮಗಳೂ ಕಡಲಾಚೆಯಲ್ಲಿದ್ದಾಳೆ. ನನಗಾಗಿ ಯಾರೂ ಕಾಯಬೇಕಿಲ್ಲವೆಂದು ಅವಳಿಗೆ ಬರೆದು ತಿಳಿಸಿದ್ದೇನೆ. ಮೊದಲು ಮುನಿಸಿಕೊಂಡಳು. ವಾರದ ಬಳಿಕ, ಮುಂದಿನ ವರ್ಷ ಬರಬೇಕೆಂದಿದ್ದವಳು ಈ ದೀಪಾವಳಿಗೇ ಬರುವುದಾಗಿ ತಿಳಿಸಿದಳು.